ಸ್ಯಾಕ್ಸೊಫೋನ್: ಶರೀರವೂ ಶಾರೀರವೂ

ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನ ಎಂದು ನಾಲ್ಕು ಬಗೆಯಾಗಿ ವಿಭಾಗಿಸುವ ಕ್ರಮವು ಭರತನ ನಾಟ್ಯಶಾಸ್ತ್ರದಿಂದ ಪ್ರಸಿದ್ಧವಾಗಿದೆ. ಈ ಕ್ರಮದಂತೆ ಸ್ಯಾಕ್ಸೊಫೋನ್ ಸುಷಿರವಾದ್ಯವೆಂಬುದು ನಿರ್ವಿವಾದ. ಆದರೆ ಪಾಶ್ಚಾತ್ಯರು ಸುಷಿರಗಳಲ್ಲಿ ಮರದ ವರ್ಗ, ಹಿತ್ತಾಳೆಯ ವರ್ಗ ಎಂಬ ಒಳಭೇದವನ್ನು ಮಾಡುತ್ತಾರೆ. ಸ್ಯಾಕ್ಸೊಫೋನಿನ ಮೈಯೆಲ್ಲ ಹಿತ್ತಾಳೆ. ಆದರೂ ಅದನ್ನು ಮರದ ವರ್ಗದಲ್ಲಿಯೇ ಎಣಿಸುವುದು ರೂಢಿ. ಏಕೆಂದರೆ ಅದರ ನಾದಕ್ಕೆ ಮೂಲವು ಬಾಯಿಗಿಡುವ ತುದಿಯಲ್ಲಿ ಬಿಗಿದ ಜೊಂಡಿನ ಒಂದು ತೆಳುಪಟ್ಟಿ. ಹೀಗೆ ಹುಟ್ಟಿನಲ್ಲಿಯೇ ಎರಡು ಕುಲಗಳ ನಡುವೆ ನಿಂತ ಈ ವಾದ್ಯದ ವಿಷಯದಲ್ಲಿ ಎರಡು ಆಕ್ಷೇಪಗಳು ಕೇಳಿಬರುವುದುಂಟು: ಇದು ಬ್ಯಾಂಡಿನ ಸಂದುಗಳನ್ನು ತುಂಬತಕ್ಕ ಉಪವಾದ್ಯವೆಂಬುದು ಒಂದು, ನೃತ್ಯಶಾಲೆಯ ವಿನೋದಕ್ಕಲ್ಲದೆ ಗಂಭೀರರಸಕ್ಕೆ ಒದಗದೆಂಬುದು ಇನ್ನೊಂದು. ಈ ಎರಡೂ ವಾದ್ಯದ ಶರೀರವನ್ನು ನೋಡಿ ಹುಟ್ಟಿದ ಮಾತುಗಳು. ವಿಚಾರಿಸಬೇಕಾದದ್ದು ಅದರ ಶಾರೀರವನ್ನು.

ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ ೧೮೧೪ರಲ್ಲಿ ಹುಟ್ಟಿದ ಅಡಾಲ್ಫ್ ಸಾಕ್ಸನು ವಾದ್ಯ ಮಾಡುವವರ ಮನೆಯವನು. ೧೮೪೨ರಲ್ಲಿ ಅವನು ಪ್ಯಾರಿಸ್ಸಿಗೆ ಬಂದಾಗ ಸಂಗೀತಕಾರನೂ ವಿಮರ್ಶಕನೂ ಆದ ಬೆರ್ಲಿಯೋಜನು ಅವನ ಹೊಸ ವಾದ್ಯವನ್ನು ಪತ್ರಿಕೆಯಲ್ಲಿ ಪ್ರಶಂಸಿಸಿದನು. ೧೮೪೬ರಲ್ಲಿ ಅದಕ್ಕೆ ರಾಜಮುದ್ರೆಯ ಹಕ್ಕು ದೊರೆಯಿತು. ಕ್ಲಾರಿನೆಟ್ಟಿನ ಕೊಳವೆಯು ಉದ್ದಕ್ಕೂ ಬಹುಮಟ್ಟಿಗೆ ಒಂದೇ ಅಗಲ. ಸ್ಯಾಕ್ಸೊಫೋನಿನದು ಬಾಯಿಂದ ತುದಿಯ ಕಡೆಗೆ ಶಂಕುವಿನಂತೆ ಅಗಲವಾಗುತ್ತ ಹೋಗುತ್ತದೆ. ಆದಕಾರಣ ಉಸಿರನ್ನು ಬಿಗಿದು ಊದಿದಾಗ ಕ್ಲಾರಿನೆಟ್ಟು ಹನ್ನೆರಡನೆಯ ಸ್ವರಕ್ಕೆ ಏರಿದರೆ ಸ್ಯಾಕ್ಸೊಫೋನ್ ಎಂಟನೆಯದಕ್ಕೆ, ಎಂದರೆ ತಾರಷಡ್ಜಕ್ಕೆ, ಏರುತ್ತದೆ. ಕೆಳಸ್ಥಾಯಿಯ ಬೆರಳುಗಳೇ ಮೇಲ್ಸ್ಥಾಯಿಗೂ ಸಲ್ಲುತ್ತವೆ. ಮೇಲಾಗಿ ಸಣ್ಣದರಿಂದ ದೊಡ್ಡದರ ವರೆಗೆ ಇಡೀ ಕುಟುಂಬಕ್ಕೆ ಒಂದೇ ಬೆರಳುಕ್ರಮವಿರುವುದರಿಂದ ಒಂದನ್ನು ಕಲಿತವನಿಗೆ ಉಳಿದವು ಅಪರಿಚಿತವಲ್ಲ.

ಇಂಥ ವಾದ್ಯಕ್ಕೆ ಮೊದಲು ಆಶ್ರಯವಿತ್ತದ್ದು ಸೈನ್ಯದ ಬ್ಯಾಂಡು. ೧೮೪೫ರಲ್ಲಿ ಪ್ಯಾರಿಸ್ಸಿನ ಷಾಂ ದ ಮಾರ್ಸ್ ಬಯಲಿನಲ್ಲಿ ಹಳೆಯ ಕ್ರಮದ ಬ್ಯಾಂಡಿಗೂ ಸಾಕ್ಸನ ಕ್ರಮದ ಬ್ಯಾಂಡಿಗೂ ಬಹಿರಂಗವಾಗಿ ಸ್ಪರ್ಧೆ ನಡೆದು, ಫ್ರೆಂಚ್ ಸೈನ್ಯದಲ್ಲಿ ಅವನ ವಾದ್ಯಗಳಿಗೆ ಪ್ರವೇಶವಾಯಿತು. ಬಯಲಿನಲ್ಲಿ ನಡೆಯುತ್ತ ನುಡಿಸುವ ಮೇಳಕ್ಕೆ ತಂತೀವಾದ್ಯಗಳು ಒದಗವು. ಮರದವು ಮೃದುವಾಗಿ ಗಾಳಿಯಲ್ಲಿ ಅಡಗುತ್ತವೆ. ಹಿತ್ತಾಳೆಯವು ಉಳಿದುದನ್ನು ಮುಚ್ಚಿಬಿಡುತ್ತವೆ. ಈ ಎರಡಕ್ಕೂ ಸಂಧಿಯಾಗಿ ನಿಂತದ್ದು ಸ್ಯಾಕ್ಸೊಫೋನ್. ಎರಡು ಪದಗಳು ಕೂಡುವಲ್ಲಿ ಬರುವ ಆಗಮಾಕ್ಷರಕ್ಕೆ ಸ್ವಂತ ಅರ್ಥವಿಲ್ಲದಿದ್ದರೂ ಅದಿಲ್ಲದೆ ಉಚ್ಚಾರಣೆ ಒಡೆಯುವಂತೆ, ಬ್ಯಾಂಡಿನಲ್ಲಿ ಅದು ಬೇರೆಯಾಗಿ ಕೇಳಿಸದಿರುವುದೇ ಅದರ ಗುಣವಾಯಿತು. ಬಿಜೆಯು ೧೮೭೨ರಲ್ಲಿ ‘ಲಾರ್ಲೆಸಿಯೆನ್’ ನಾಟಕದ ಸಂಗೀತದಲ್ಲಿ ಅದಕ್ಕೆ ಸ್ವತಂತ್ರವಾದ ನುಡಿಯನ್ನು ಕೊಟ್ಟನಾದರೂ ಅದು ವಿರಳ. ಪ್ಯಾರಿಸ್ಸಿನ ಸಂಗೀತಶಾಲೆಯಲ್ಲಿ ೧೮೫೭ರಲ್ಲಿ ತೊಡಗಿದ ಪಾಠವು ೧೮೭೦ರಲ್ಲಿ ನಿಂತು, ೧೯೪೨ರ ವರೆಗೆ ಮತ್ತೆ ತೊಡಗಲಿಲ್ಲ. ಸಾಕ್ಸನೂ ಹಲವು ಬಾರಿ ದಿವಾಳಿಯಾಗಿ ೧೮೯೪ರಲ್ಲಿ ತೀರಿಕೊಂಡನು. ಮೊದಲನೆಯ ಆಕ್ಷೇಪಕ್ಕೆ ಆಧಾರವಾದ ಕಾಲವಿದು.

ಜಾಝ್ ಸಂಗೀತಕ್ಕೂ ಈ ವಾದ್ಯಕ್ಕೂ ಹುಟ್ಟಿನಿಂದಲೇ ನಂಟೆಂದು ಅನೇಕರು ಭಾವಿಸಿರುವುದು ಸರಿಯಲ್ಲ. ನ್ಯೂ ಆರ್ಲಿಯನ್ಸ್ ನಗರದ ಮೊದಲ ಮೇಳಗಳಲ್ಲಿ ಮುಂದಾಳುಗಳು ಕಾರ್ನೆಟ್, ಕ್ಲಾರಿನೆಟ್, ಟ್ರಾಂಬೋನ್. ಸ್ಯಾಕ್ಸೊಫೋನ್ ಅಮೆರಿಕದಲ್ಲಿ ಮನೆಮಾತಾದದ್ದು ಬ್ಯಾಂಡು, ವಿನೋದರಂಗ, ನೃತ್ಯಮೇಳಗಳ ಮೂಲಕ. ಫ್ಲೆಚರ್ ಹೆಂಡರ್ಸನನ ಮೇಳದಲ್ಲಿ ೧೯೩೪ರ ವರೆಗೆ ಇದ್ದ ಕೋಲ್ಮನ್ ಹಾಕಿನ್ಸನು (೧೯೦೪–೧೯೬೯) ಟೆನರ್ ಸ್ಯಾಕ್ಸೊಫೋನನ್ನು ಹಾಸ್ಯದ ನೆಲೆಯಿಂದ ಮೇಲಕ್ಕೆತ್ತಿದನು. ಐದು ವರ್ಷ ಯುರೋಪಿನಲ್ಲಿದ್ದು ಹಿಂದಿರುಗಿದ ಮೇಲೆ ೧೯೩೯ರ ಅಕ್ಟೋಬರಿನಲ್ಲಿ ಅವನು ನ್ಯೂಯಾರ್ಕಿನಲ್ಲಿ ನುಡಿಸಿದ ‘ಬಾಡಿ ಅಂಡ್ ಸೋಲ್’ ಎಂಬ ಗ್ರಾಮಫೋನ್ ತಟ್ಟೆಯು ಎರಡನೆಯ ಆಕ್ಷೇಪಕ್ಕೆ ಸಾಕಾದ ಉತ್ತರ.

ಮೂಲವು ಜಾನಿ ಗ್ರೀನನು ಕಟ್ಟಿದ ಪ್ರೇಮಗೀತದ ಮಟ್ಟು. ಮೂವತ್ತೆರಡು ಮಾತ್ರಾಗಣಗಳ ಈ ಮಟ್ಟಿನ ಎರಡು ಸುತ್ತುಗಳಷ್ಟೇ ತಟ್ಟೆಯಲ್ಲಿವೆ. ಕಾಲ ಸುಮಾರು ಮೂರು ನಿಮಿಷ. ಹಾಕಿನ್ಸನು ಆರಂಭದ ಕೆಲವು ಗಣಗಳಲ್ಲಿ ಮಾತ್ರ ಮೂಲಮಟ್ಟಿನ ಹತ್ತಿರದಲ್ಲಿರುತ್ತಾನೆ. ಬಳಿಕ ಅದನ್ನು ಬಿಟ್ಟು, ಕೆಳಗೆ ಸಾಗುವ ಸ್ವರಗುಚ್ಛಗಳನ್ನೇ ಹಿಡಿದು, ಅವುಗಳೊಳಗಿನ ಸ್ವರಗಳನ್ನು ಬಿಡಿಸಿ ಹೆಣೆಯುತ್ತ ಹೋಗುತ್ತಾನೆ. ಮೂಲಮಟ್ಟಿಗೆ ಮತ್ತೆ ಮರಳುವುದೇ ಇಲ್ಲ. ಮಟ್ಟನ್ನು ಬಿಟ್ಟದ್ದು ದೋಷವಲ್ಲವೇ ಎಂದರೆ, ಅಲ್ಲ. ವಾಚ್ಯಾರ್ಥವನ್ನು ಹೇಳದೆ ಬಿಟ್ಟ ಕವಿಯು ಅರ್ಥವನ್ನೇ ಬಿಟ್ಟವನಾಗುವುದಿಲ್ಲ. ವ್ಯಂಗ್ಯವು ಅಲ್ಲಿಯೇ ಬಲಗೊಳ್ಳುತ್ತದೆ. ಇಲ್ಲಿ ಸ್ವರಗುಚ್ಛಗಳ ನಡೆಯು ಛಂದಸ್ಸಿನಂತೆ ಸ್ಥಿರವಾಗಿ ನಿಂತಿರುವುದರಿಂದ ಕೇಳುವವನ ಮನಸ್ಸಿನಲ್ಲಿ ಮೂಲಗೀತವು ಅನುಕ್ತವಾಗಿಯೇ ಸಾಗುತ್ತದೆ. ಮೊದಲ ಸುತ್ತಿನಲ್ಲಿ ಮಾತಿನಂತಿರುವ ನಾದವು ಎರಡನೆಯದರಲ್ಲಿ ಕ್ರಮೇಣ ತುಂಬಿ ಏರಿ, ಕೊನೆಗೆ ಜೊತೆಯಿಲ್ಲದೆ ಒಂಟಿಯಾಗಿ ಇಳಿದು ನಿಲ್ಲುತ್ತದೆ. ಶೃಂಗಾರದ ವಿಪ್ರಲಂಭಚ್ಛಾಯೆ ಇಲ್ಲಿ ಸಹೃದಯರಿಗೆ ಅಸಂದಿಗ್ಧವಾದದ್ದು. ದೋಷವೆಂದು ಎಣಿಸುವುದಾದರೆ, ಸ್ವರಗಳ ಸಾಂದ್ರತೆಯಲ್ಲಿ ವಿರಾಮಕ್ಕೆ ಎಡೆ ಕಡಮೆಯಾದುದನ್ನು ಎಣಿಸಬಹುದು.

ಆ ವಿರಾಮವನ್ನೇ ಅಲಂಕಾರವಾಗಿಸಿಕೊಂಡವನು ಲೆಸ್ಟರ್ ಯಂಗ್ (೧೯೦೯–೧೯೫೯). ೧೯೩೪ರಲ್ಲಿ ಹಾಕಿನ್ಸನು ತೆರವು ಮಾಡಿದ ಸ್ಥಾನಕ್ಕೆ ಬಂದಾಗ ಅವನೂ ಹಾಕಿನ್ಸನಂತೆಯೇ ನುಡಿಸಬೇಕೆಂದು ಒತ್ತಾಯವಾಯಿತು. ಅವನು ಒಪ್ಪದೆ ಕೆಲವೇ ತಿಂಗಳಲ್ಲಿ ಹೊರಟುಹೋದನು. ಬಳಿಕ ಕೌಂಟ್ ಬೇಸಿಯ ಮೇಳದಲ್ಲಿ ಅವನ ನಾದವು ಹಗುರ, ಕಂಪನವು ಅಲ್ಪ, ನುಡಿಗಳ ನಡುವೆ ಮೌನ. ವಾದ್ಯ ಒಂದೇ, ಅಳತೆ ಒಂದೇ, ಕಾಲ ಒಂದೇ. ಆದರೆ ಶಾರೀರಗಳು ಎರಡು. ಜೊಂಡನ್ನು ಹಿಡಿಯುವ ತುಟಿಯ ಬಿಗಿ, ಬಾಯಿಯ ಒಳಹರವು, ಉಸಿರಿನ ಭರ ಇವುಗಳಿಗೆ ಈ ವಾದ್ಯವು ಬಹಳವಾಗಿ ಬಗ್ಗುತ್ತದೆ. ಬ್ಯಾಂಡಿನಲ್ಲಿ ಎಲ್ಲರೊಡನೆ ಬೆರೆಯಲು ನೆರವಾದ ಈ ಬಗ್ಗುವಿಕೆಯೇ ಜಾಝ್ ವಾದಕನಿಗೆ ತನ್ನದೇ ಕಂಠವನ್ನು ಕೊಟ್ಟಿತು.

ಹಾಗಾದರೆ ಮೇಳವು ನಿಷ್ಪ್ರಯೋಜಕವಾಯಿತೇ? ಇಲ್ಲ. ಡ್ಯೂಕ್ ಎಲಿಂಗ್ಟನನ ಮೇಳದಲ್ಲಿ ಜಾನಿ ಹಾಡ್ಜಸನ ಆಲ್ಟೊ, ಹ್ಯಾರಿ ಕಾರ್ನಿಯ ಬ್ಯಾರಿಟೋನ್ ಒಂದೊಂದೂ ಗುರುತು ಹಿಡಿಯಬಹುದಾದ ಕಂಠವಾಗಿದ್ದೂ ಕೂಡಿದಾಗ ಒಂದೇ ವರ್ಣವಾಗುತ್ತಿದ್ದವು. ಸಮೂಹವೂ ವ್ಯಕ್ತಿಯೂ ಪರಸ್ಪರ ವಿರೋಧಿಗಳಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ನಿರ್ಣಯಕ್ಕೆ ಕನ್ನಡನಾಡಿನಲ್ಲಿಯೇ ಸ್ವತಂತ್ರವಾದ ಪ್ರಮಾಣವುಂಟು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು (೧೯೪೯–೨೦೧೯) ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ನಾಗಸ್ವರದ ರಂಧ್ರವನ್ನು ಬೆರಳು ನೇರವಾಗಿ ಮುಚ್ಚುವುದರಿಂದ ಅರೆಮುಚ್ಚಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೊಫೋನಿನ ರಂಧ್ರಗಳಿಗೆ ಕೀಲಿಯ ಮುಚ್ಚಳಗಳಿರುವುದರಿಂದ ಅಂಥ ಸೌಲಭ್ಯವು ದುರ್ಲಭ. ಗಮಕದ ಭಾರವು ಬಹುಮಟ್ಟಿಗೆ ತುಟಿಗೂ ಉಸಿರಿಗೂ ಬೀಳುತ್ತದೆ. ಜಾಝ್ ವಾದಕನು ಸ್ವರಗುಚ್ಛದಿಂದ ಸ್ವರಗುಚ್ಛಕ್ಕೆ ಸಂಚರಿಸಿದರೆ ಇವರು ಸ್ಥಿರವಾದ ಶ್ರುತಿಯ ಮೇಲೆ ರಾಗವೊಂದನ್ನೇ ಬೆಳೆಸಿದರು. ಮಾರ್ಗಗಳು ಭಿನ್ನ, ಆದರೂ ೧೯೮೦ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯು ಇವರೊಡನೆ ಕೂಡಿ ನುಡಿಸಿದನು. ೧೯೯೪ರಲ್ಲಿ ಲಂಡನ್ನಿನ ಪ್ರಾಮನೇಡ್ ಉತ್ಸವದಲ್ಲಿ ಇವರ ಕಚೇರಿ ನಡೆಯಿತು. ಇಂದು ಕರಾವಳಿಯ ದೇವಾಲಯಗಳ ಉತ್ಸವಗಳಲ್ಲಿಯೂ ಮದುವೆಗಳಲ್ಲಿಯೂ ಈ ವಾದ್ಯವು ಮಂಗಳವಾದ್ಯದ ಸ್ಥಾನದಲ್ಲಿ ಮೊಳಗುತ್ತಿದೆ.

ಎರಡು ಖಂಡಗಳಲ್ಲಿ, ಒಂದನ್ನೊಂದು ಅನುಕರಿಸದೆ, ಬ್ಯಾಂಡಿನ ಸಾಲಿನಿಂದ ಹೊರಟು ವ್ಯಕ್ತಿಯ ಕಂಠವಾದ ವಾದ್ಯವನ್ನು ಉಪವಾದ್ಯವೆಂದೂ ವಿನೋದವಾದ್ಯವೆಂದೂ ಹೇಳುವುದು ಯುಕ್ತವಲ್ಲ. ಕುಲವನ್ನು ನೋಡಿ ಕಾವ್ಯದ ಬೆಲೆಯನ್ನು ಕಟ್ಟದಿರುವಂತೆ, ಲೋಹವನ್ನು ನೋಡಿ ನಾದದ ಬೆಲೆಯನ್ನು ಕಟ್ಟಲಾಗದು. ಶರೀರವನ್ನು ಸಾಕ್ಸನು ಮಾಡಿದನು. ಶಾರೀರವನ್ನು ಪ್ರತಿಯೊಬ್ಬ ವಾದಕನೂ ತಾನೇ ಪಡೆಯಬೇಕು.