ಬಟ್ಟೆಯ ಹಿಂಬದಿ: ಹಳೆಯ ವಸ್ತ್ರಗಳ ರಸಿಕರಿಗೊಂದು ಕೈಪಿಡಿ

ವಸ್ತುಸಂಗ್ರಹಾಲಯದಲ್ಲಿ ಹಳೆಯ ವಸ್ತ್ರಗಳ ಮುಂದೆ ಮೊದಲ ಬಾರಿಗೆ ನಿಲ್ಲುವವರು ಸಾಮಾನ್ಯವಾಗಿ ಚಿತ್ತಾರವನ್ನು ಮೆಚ್ಚಿ ಮುಂದೆ ಸಾಗುತ್ತಾರೆ. ಆದರೆ ನೂತು, ನೇಯ್ದು, ಬಣ್ಣವುಣಿಸಿ, ಉಟ್ಟು, ಒಗೆದು, ಹರಿದಾಗ ತೇಪೆ ಹಾಕಿದ ವಸ್ತುವಿನಲ್ಲಿ ಚಿತ್ತಾರದಷ್ಟೇ ಮಾತಾಡುವ ಭಾಗಗಳು ಇನ್ನೂ ಇವೆ: ಹಿಂಬದಿ, ಅಂಚು, ಹೊಲಿಗೆಯ ತೂತು, ಮಡಿಕೆಯ ಗೆರೆ, ಕಲೆ. ವಸ್ತ್ರವನ್ನು ಅಭ್ಯಾಸ ಮಾಡುವವರ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ. ಸಂರಕ್ಷಕರ ಶ್ರಮವೂ ಬಹುಪಾಲು ಅವುಗಳನ್ನು ಅಳಿಸದೆ ಉಳಿಸುವುದಕ್ಕೇ ಮೀಸಲು.

ಇದನ್ನು ಕಲಿಯಲು ಆಕ್ಸ್‌ಫರ್ಡಿನ ಆ್ಯಶ್ಮೋಲಿಯನ್ ವಸ್ತುಸಂಗ್ರಹಾಲಯದ ನ್ಯೂಬೆರಿ ಸಂಗ್ರಹಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಈಜಿಪ್ಟಿನ ಪ್ರಾಚೀನ ಇತಿಹಾಸದ ವಿದ್ವಾಂಸ ಪರ್ಸಿ ನ್ಯೂಬೆರಿ 1946ರಲ್ಲಿ ಕೊಟ್ಟ ಈ ಸಂಗ್ರಹದಲ್ಲಿ ಭಾರತದಲ್ಲಿ ತಯಾರಾಗಿ ಈಜಿಪ್ಟಿನಲ್ಲಿ ಸಿಕ್ಕ, ಸುಮಾರು 1,200 ಹತ್ತಿಬಟ್ಟೆಯ ಚೂರುಗಳಿವೆ. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನ ತಿಪ್ಪೆಗಳ ಹೆಸರಿನಿಂದಲೇ ಇಂಥ ಚೂರುಗಳು ಪ್ರಸಿದ್ಧವಾಗಿವೆ. ಮಳೆ ಅತಿ ವಿರಳವಾದ ಆ ನಾಡಿನ ಒಣಮಣ್ಣು ಅವುಗಳನ್ನು ಕಾಪಾಡಿತು; ಅವುಗಳನ್ನು ನೇಯ್ದ ಗುಜರಾತಿನ ಮಳೆಗಾಲದಲ್ಲಾಗಿದ್ದರೆ ಒಂದು ಎಳೆಯೂ ಉಳಿಯುತ್ತಿರಲಿಲ್ಲ. 1938ರಲ್ಲಿ ಪಾರಿಸ್ಸಿನಲ್ಲಿ ಫಿಸ್ಟರ್ ಎಂಬ ವಿದ್ವಾಂಸರು ಇಂಥ ಚೂರುಗಳ ಬಗ್ಗೆ ಪುಸ್ತಕ ಪ್ರಕಟಿಸಿ ಅವುಗಳ ಭಾರತೀಯ ಮೂಲವನ್ನು ಚರ್ಚಿಸಿದರು. 1997ರಲ್ಲಿ ರುತ್ ಬಾರ್ನ್ಸ್ ನ್ಯೂಬೆರಿ ಸಂಗ್ರಹದ ವಿವರಪಟ್ಟಿಯನ್ನು ಹೊರತಂದರು.

ಚೂರೊಂದು ಭಾರತದ್ದೆಂದು ತಿಳಿಯುವುದು ಹೇಗೆ? ಮೊದಲ ಸಾಕ್ಷಿ ನೂಲಿನ ಹುರಿಯಲ್ಲಿದೆ. ಭೂತಗನ್ನಡಿಯಲ್ಲಿ ನೋಡಿದಾಗ ಎಳೆಯ ನಾರುಗಳು ಎಡಗೆಳಗಿನಿಂದ ಬಲಮೇಲಕ್ಕೆ ಓರೆಯಾಗಿದ್ದರೆ ಅದನ್ನು ‘ಝಡ್’ ಹುರಿ ಎಂದೂ, ಅದಕ್ಕೆ ಎದುರಾಗಿದ್ದರೆ ‘ಎಸ್’ ಹುರಿ ಎಂದೂ ಕರೆಯುತ್ತಾರೆ. ಭಾರತದ ಹತ್ತಿನೂಲು ಸಾಮಾನ್ಯವಾಗಿ ಮೊದಲನೆಯ ಬಗೆಯದು, ಈಜಿಪ್ಟಿನ ನಾರುಬಟ್ಟೆಯ ನೂಲು ಎರಡನೆಯದು. ಹೆಸರಿಲ್ಲದ ಒಬ್ಬ ನೂಲುಗಾತಿಯ ಬೆರಳುಗಳು ಯಾವ ದಿಕ್ಕಿಗೆ ತಿರುಗಿದವು ಎಂಬುದು ಶತಮಾನಗಳ ನಂತರವೂ ಅವಳ ನಾಡನ್ನು ಸೂಚಿಸಬಲ್ಲದು ಎಂಬುದು ಈ ಶಾಸ್ತ್ರದ ಅತ್ಯಂತ ಸೊಗಸಾದ ಸಂಗತಿಗಳಲ್ಲೊಂದು.

ಎರಡನೆಯ ಸಾಕ್ಷಿ ಬಣ್ಣದ್ದು. ಹೊಸ ರಸಿಕರು ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಇಲ್ಲಿಯೇ. ಹತ್ತಿಗೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಆದ್ದರಿಂದ ಭಾರತದ ಬಣ್ಣಗಾರರು ಬಟ್ಟೆಗೆ ಮೊದಲು ವರ್ಣಬಂಧಕವನ್ನು, ಅಂದರೆ ಬಣ್ಣವನ್ನು ನಾರಿಗೆ ಬಿಗಿಯುವ ಲೋಹದ ಲವಣವನ್ನು, ಅಚ್ಚಿನಿಂದಲೋ ಲೇಖನಿಯಿಂದಲೋ ಹಚ್ಚಿ, ಆಮೇಲೆ ಇಡೀ ಬಟ್ಟೆಯನ್ನು ಬೇರಿನ ಕಷಾಯದಲ್ಲಿ ಕುದಿಸುತ್ತಿದ್ದರು. ಪಟಿಕ ಹಚ್ಚಿದಲ್ಲಿ ಕೆಂಪು, ಕಬ್ಬಿಣದ ದ್ರಾವಣ ಹಚ್ಚಿದಲ್ಲಿ ಕಪ್ಪು ಮೂಡುತ್ತಿತ್ತು. ಏನೂ ಹಚ್ಚದ ಜಾಗದ ಬಣ್ಣ ಒಗೆದಾಗ ಬಿಟ್ಟುಹೋಗುತ್ತಿತ್ತು. ನೀಲಿಯ ವಿಧಾನ ಬೇರೆ: ಬಿಳಿಯಾಗಿ ಉಳಿಯಬೇಕಾದಲ್ಲಿ ಮೇಣವನ್ನೋ ಅಂಟನ್ನೋ ಬಳಿದು, ಬಟ್ಟೆಯನ್ನು ನೀಲಿಯ ತೊಟ್ಟಿಯಲ್ಲಿ ಅದ್ದಬೇಕು. ಇದನ್ನು ತಡೆಬಣ್ಣಗಾರಿಕೆ ಎನ್ನಬಹುದು. ಹೀಗೆ ಅದ್ದಿದ ಬಣ್ಣ ನಾರಿನೊಳಗೆ ಇಳಿಯುವುದರಿಂದ ಹಿಂಬದಿಯಲ್ಲೂ ಕಾಣಿಸುತ್ತದೆ, ಮೇಲೆ ಬಳಿದ ಬಣ್ಣ ಮೇಲ್ಮೈಯಲ್ಲೇ ನಿಲ್ಲುತ್ತದೆ. ಹಿಂಬದಿಯನ್ನು ನೋಡದೆ ಇವೆರಡನ್ನು ಖಚಿತವಾಗಿ ಬೇರ್ಪಡಿಸುವುದು ಕಷ್ಟ.

ಸವೆತಕ್ಕೂ ತನ್ನದೇ ವ್ಯಾಕರಣವಿದೆ. ಕೋರಮಂಡಲ ಕರಾವಳಿಯಿಂದ 18ನೆಯ ಶತಮಾನದಲ್ಲಿ ಯೂರೋಪಿಗೆ ಹೋದ ಹೂಬಳ್ಳಿಯ ಚೀಟಿ ಬಟ್ಟೆಗಳಲ್ಲಿ ಇಂದು ಎಲೆಗಳು ನೀಲಿಯಾಗಿ ಕಂಡರೆ ಅದು ಕಲಾವಿದನ ಕಲ್ಪನೆಯಲ್ಲ. ನೀಲಿಯ ಮೇಲೆ ಹಳದಿ ಬಳಿದು ಹಸಿರು ಮಾಡಿದ್ದರು, ಬೆಳಕಿಗೆ ಹಳದಿ ಹಾರಿಹೋಗಿ ನೀಲಿ ಉಳಿಯಿತು. ಕಪ್ಪು ಗೆರೆಗಳ ಜಾಗದಲ್ಲಿ ಬಟ್ಟೆಯೇ ಜರಿದಿದ್ದರೆ ದೋಷ ಹುಳುವಿನದಲ್ಲ, ಬಣ್ಣಕ್ಕೆ ಬಳಸಿದ ಕಬ್ಬಿಣ ಕಾಲಕ್ರಮದಲ್ಲಿ ನಾರನ್ನು ತಿಂದಿದೆ.

ಫುಸ್ತಾತಿನ ಚೂರುಗಳಲ್ಲಿ ಕಾಣುವ ಹೊಲಿಗೆ, ತೇಪೆಗಳು ಅವು ನಿತ್ಯದ ಬಳಕೆಯಲ್ಲಿದ್ದ ಅಗ್ಗದ ಬಟ್ಟೆಗಳೆಂದು ಹೇಳುತ್ತವೆ. ಇಂಡೋನೇಷ್ಯಾದ ಸುಲಾವೇಸಿ ದ್ವೀಪದ ತೊರಾಜ ಜನರಲ್ಲಿ ಇದೇ ಬಗೆಯ ಗುಜರಾತಿ ಬಟ್ಟೆಗಳು ಪವಿತ್ರ ಪಿತ್ರಾರ್ಜಿತಗಳಾಗಿ ಇಡಿಯಾಗಿ ಉಳಿದಿವೆ. ಒಂದು ಕಡೆ ತಿಪ್ಪೆ ಸೇರಿದ ಸರಕು ಇನ್ನೊಂದು ಕಡೆ ದೈವದ ಮರ್ಯಾದೆ ಪಡೆಯಿತು ಎಂಬುದನ್ನು ವಿನ್ಯಾಸವೊಂದನ್ನೇ ನೋಡುವವರು ಎಂದಿಗೂ ಕಾಣಲಾರರು.

ಸಂಗ್ರಹಕಾರರ ಕೈಯೂ ವಸ್ತ್ರದ ಇತಿಹಾಸದ ಭಾಗವೇ ಆಗಿದೆ. 1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಭಾರತದ 700 ಬಟ್ಟೆಗಳ ತುಣುಕುಗಳನ್ನು 18 ಸಂಪುಟಗಳಲ್ಲಿ ಅಂಟಿಸಿ, ಅಂಥ 20 ಪ್ರತಿಗಳನ್ನು ಸಿದ್ಧಪಡಿಸಿದನು. ಭಾರತೀಯರು ಏನನ್ನು ಉಡುತ್ತಾರೆಂದು ಬ್ರಿಟಿಷ್ ಗಿರಣಿಗಳಿಗೆ ತೋರಿಸುವುದು ಅದರ ಉದ್ದೇಶವಾಗಿತ್ತು. ಇಂದು ಅವು ಅಮೂಲ್ಯ ಆಕರಗಳು, ನಿಜ; ಆದರೆ ಅವುಗಳಿಗಾಗಿ ಇಡೀ ವಸ್ತ್ರಗಳನ್ನು ಕತ್ತರಿಸಲಾಯಿತು. ಅಂಚು ಎಲ್ಲಿ ತಿರುಗಿತು, ಸೆರಗು ಎಷ್ಟುದ್ದವಿತ್ತು ಎಂಬುದನ್ನು ತುಂಡು ಹೇಳಲಾರದು.

ಆ ನಷ್ಟ ಎಷ್ಟೆಂಬುದು ಇಳಕಲ್ ಸೀರೆಯನ್ನು ಬಲ್ಲ ಕನ್ನಡಿಗರಿಗೆ ಕೂಡಲೇ ಅರ್ಥವಾಗುತ್ತದೆ. ಅಲ್ಲಿ ಒಡಲಿನ ಹಾಸು ಮತ್ತು ಸೆರಗಿನ ರೇಷ್ಮೆ ಹಾಸು ಬೇರೆ ಬೇರೆ. ಅವೆರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಆ ಸೀರೆಯ ಕೌಶಲವೆಲ್ಲ ಇರುವುದು ಆ ಕೊಂಡಿಯ ಗೆರೆಯಲ್ಲಿ. ಒಡಲಿನ ತುಂಡನ್ನೋ ಸೆರಗಿನ ತುಂಡನ್ನೋ ಎಷ್ಟು ನೋಡಿದರೂ ಅದು ಸಿಗದು. ಧಾರವಾಡದ ಕಸೂತಿಯಲ್ಲಿ ಗವಂತಿ ಮತ್ತು ಮುರಗಿ ಹೊಲಿಗೆಗಳು ಎರಡೂ ಬದಿ ಒಂದೇ ಆಗಿ ಕಾಣಬೇಕು, ಗಂಟು ಇರಕೂಡದು. ಆದ್ದರಿಂದ ಕಸೂತಿಯ ಬೆಲೆ ಕಟ್ಟುವವರು ಬಟ್ಟೆಯನ್ನು ತಿರುಗಿಸಿಯೇ ನೋಡುತ್ತಾರೆ.

1949ರಲ್ಲಿ ಸ್ಥಾಪನೆಯಾದ ಅಹಮದಾಬಾದಿನ ಕ್ಯಾಲಿಕೊ ವಸ್ತುಸಂಗ್ರಹಾಲಯದಂಥ ಕಡೆ ಹೋದವರು ಮಂದಬೆಳಕನ್ನು ದೂರಬಾರದು. ಬೆಳಕು ಮಾಡುವ ಹಾನಿ ಒಂದರ ಮೇಲೊಂದು ಸೇರುತ್ತ ಹೋಗುತ್ತದೆ, ಹಿಂದಿರುಗುವುದಿಲ್ಲ. ಹಳೆಯ ವಸ್ತ್ರಗಳಿಗೆ ಸಾಮಾನ್ಯವಾಗಿ ಒಪ್ಪಿತವಾದ ಮಿತಿ 50 ಲಕ್ಸ್, ಅಂದರೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕಾಗುವಷ್ಟು ಮಸುಕು. ಆ ನಿಮಿಷಗಳನ್ನು ಕೊಟ್ಟವರಿಗೆ ಬಣ್ಣಗಳು ಮೆಲ್ಲಗೆ ಬಿಚ್ಚಿಕೊಳ್ಳುತ್ತವೆ. ಹಿಂದೆ ಹರಿದ ಬಟ್ಟೆಯನ್ನು ರಟ್ಟಿಗೆ ಅಂಟಿಸಿಬಿಡುತ್ತಿದ್ದರು, ಅದರಿಂದ ಹಿಂಬದಿ ಶಾಶ್ವತವಾಗಿ ಮರೆಯಾಗುತ್ತಿತ್ತು. ಈಗಿನ ಸಂರಕ್ಷಕರು ಆಧಾರದ ಬಟ್ಟೆಯೊಂದಕ್ಕೆ ತೆಳುವಾದ ರೇಷ್ಮೆ ಎಳೆಯಿಂದ, ಬೇಕಾದಾಗ ಬಿಚ್ಚಬಹುದಾದಂತೆ ಹೊಲಿಯುತ್ತಾರೆ. ಒಗೆಯುವುದಕ್ಕಂತೂ ಅವರು ಬಹಳ ಹಿಂಜರಿಯುತ್ತಾರೆ, ಏಕೆಂದರೆ ಕಲೆಯೂ ಒಂದು ಸಾಕ್ಷಿ.

ಮನೆಯ ಟ್ರಂಕಿನಲ್ಲಿರುವ ಅಜ್ಜಿಯ ಸೀರೆಗೂ ಇದೇ ವಿವೇಕ ಸಲ್ಲಬೇಕು. ಪ್ಲಾಸ್ಟಿಕ್ ಚೀಲ ತೇವವನ್ನು ಹಿಡಿದಿಡುತ್ತದೆ, ಹಳೆಯ ವೃತ್ತಪತ್ರಿಕೆಯ ಕಾಗದದಲ್ಲಿ ಆಮ್ಲವಿರುತ್ತದೆ. ಒಗೆದು ಗಂಜಿ ತೆಗೆದ ಬಿಳಿ ಹತ್ತಿಬಟ್ಟೆಯೇ ಒಳ್ಳೆಯ ಹೊದಿಕೆ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುವುದರಿಂದ ಆಗಾಗ ಮಡಿಕೆ ಬದಲಿಸಬೇಕು, ಸಾಧ್ಯವಿದ್ದರೆ ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಬೇಕು. ಬೇವಿನ ಎಲೆಯ ಪೊಟ್ಟಣ ಸೀರೆಗೆ ತಾಗದಂತಿರಲಿ. ಇವೆಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ: ಯಾರು ಉಟ್ಟರು, ಯಾವ ಊರಿನಲ್ಲಿ ಕೊಂಡರು, ಯಾವ ಸಮಾರಂಭಕ್ಕೆ ತಂದರು ಎಂಬುದನ್ನು, ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿಕೊಂಡು, ಶಾಯಿ ಇಳಿಯುವ ಭಯವಿಲ್ಲದಂತೆ ಪೆನ್ಸಿಲಿನಲ್ಲಿ ಬರೆದು ಸೀರೆಯ ಜೊತೆಗಿಡಬೇಕು.