ಅಲ್ಲಿನ ನಾಡು, ಇಲ್ಲಿನ ಉತಾರ

ನವೆಂಬರ್ 1ರ ರಾಜ್ಯೋತ್ಸವದಂದು ಬೆಳಗಾವಿಯ ಚೆನ್ನಮ್ಮ ವೃತ್ತದಲ್ಲಿ ಡಿಜೆ ಅಬ್ಬರಕ್ಕೆ ಹಳದಿ–ಕೆಂಪು ಬಾವುಟ ಕುಣಿಯುತ್ತಿರುವಾಗಲೇ ಮಹಾರಾಷ್ಟ್ರ ಏಕೀಕರಣ ಸಮಿತಿಯವರು ಕಪ್ಪು ಪಟ್ಟಿ ಕಟ್ಟಿಕೊಂಡು ‘ಕಾಳಾ ದಿವಸ್’ ಮೆರವಣಿಗೆ ಹೊರಡುತ್ತಾರೆ. ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿ ಕೂಡಿದ ಸಂಯುಕ್ತ ಮಹಾರಾಷ್ಟ್ರ ‘ಝಾಲಾಚ್ ಪಾಹಿಜೆ’ (ಆಗಲೇಬೇಕು) ಎಂಬುದು ಅದೇ ಹಳೆಯ ಕೂಗು. ಕಾರವಾರದ ಕೊಂಕಣಿಗರನ್ನು ಕೇಳಿದವರು ಯಾರೋ!

ಹಲವು ಭಾಷಿಕರು ಬೆರೆತು ಬಾಳುವ ಸೀಮೆಯಲ್ಲಿ ಅಲ್ಪಸಂಖ್ಯಾತರ ರಾಜಕಾರಣ ಹೇಗಿರಬೇಕು? ಯಹೂದಿಗಳು ಇದನ್ನು ಬಹಳ ಹಿಂದೆಯೇ ಜಗಳವಾಡಿ ನೋಡಿದ್ದರು. 1897ರಲ್ಲಿ ಬಾಸೆಲ್‌ನಲ್ಲಿ ಸೇರಿದ ಜಿಯೋನಿಸ್ಟ್ ನಾಯಕ ಹರ್ಜಲ್ ಬಳಗ ಪ್ಯಾಲೆಸ್ಟೈನ್‌ನಲ್ಲಿ ಸ್ವಂತ ನೆಲೆ ಕೇಳಿತು. ಅದೇ ವರ್ಷ ವಿಲ್ನಾದಲ್ಲಿ ಹುಟ್ಟಿದ ‘ಬುಂಡ್’ ಕಾರ್ಮಿಕ ಸಂಘಟನೆ ಮುಂದೆ, ಬಾಳುವ ನೆಲದಲ್ಲೇ ಭಾಷೆ–ಶಾಲೆಯ ಹಕ್ಕು ಬೇಕೆಂದು ವಾದಿಸಿತು. ರಷ್ಯಾದ ಜಿಯೋನಿಸ್ಟರೇ 1906ರಲ್ಲಿ ಹೆಲ್ಸಿಂಕಿಯಲ್ಲಿ ಸೇರಿ, ಗುರಿ ಅಲ್ಲಿದ್ದರೂ ಹಕ್ಕು ಇಲ್ಲಿಯೂ ಬೇಕು ಎಂದರು. ಇಲ್ಲಿಯೇ ಹಕ್ಕು ಎಂಬ ಆ ವಾದದ ಮೇಲೆ ಆಮೇಲೆ ನಾಜಿಗಳ ನರಮೇಧವೇ ಬಂದೆರಗಿತು. ನಮ್ಮ ಗಡಿ ತಂಟೆಯನ್ನು ಅದರ ಪಕ್ಕಕ್ಕಿಡುವುದು ಅತಿ. ಆದರೂ ಹೆಲ್ಸಿಂಕಿಯ ವಿವೇಕ ಸಮಿತಿಗೆ ದಕ್ಕಲಿಲ್ಲ ಎನ್ನಲೇಬೇಕು.

ಬೆಳಗಾವಿ ಜಿಲ್ಲೆಯ ಖಾನಾಪುರವನ್ನೇ ನೋಡಿ. ಜಾಂಬೋಟಿ, ಕಣಕುಂಬಿಯ ಕಾಡಂಚಿನಲ್ಲಿ ಮರಾಠಿ. ಬೀಡಿ, ಇಟಗಿಯ ಕಡೆ ಬಂದರೆ ಕನ್ನಡ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವೂ ಇದೇ ತಾಲ್ಲೂಕಿನದು. ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ನಂದಗಡ ಸಹಿತ ಖಾನಾಪುರವನ್ನು, ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಹಾಕಿತ್ತು. ಬೆಳಗಾವಿ ನಗರವನ್ನು ಕರ್ನಾಟಕದಲ್ಲೇ ಉಳಿಸಿತ್ತು. ಬೆಳಗಾವಿ ಕೈತಪ್ಪಿತೆಂದು ಮಹಾರಾಷ್ಟ್ರ ಇಡೀ ವರದಿಯನ್ನೇ ಒಲ್ಲೆನೆಂದಿತು. ನಗರದ ಹಟಕ್ಕೆ ಹಳ್ಳಿಗಳನ್ನು ಒತ್ತೆಯಿಟ್ಟ ಲೆಕ್ಕವಿದು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದದ್ದೂ ಗಡಿಯ ದಾವೆಯೇ, ಭಾಷೆಯ ಹಕ್ಕಿನದಲ್ಲ.

ಉತಾರ (ಜಮೀನಿನ ದಾಖಲೆ), ನೋಟಿಸು ಮರಾಠಿಯಲ್ಲೂ ಬೇಕೆಂಬುದು ಸಮಿತಿಯ ಹಳೆಯ ಬೇಡಿಕೆ, ನ್ಯಾಯವಾದದ್ದೇ. ಶಾಲೆಯ ಮಟ್ಟಿಗೆ ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣದ ಮಾತಾಡುತ್ತದೆ. ಆದರೆ ಉತಾರ ಕೇಳುವ ಬಾಯಿಯೇ ನಾಡು ಬಿಡುವ ಮಾತನ್ನೂ ಆಡಿದರೆ, ಕಚೇರಿಯ ಗುಮಾಸ್ತನಿಗೆ ಅರ್ಜಿಯಲ್ಲೂ ಗಡಿಯೇ ಕಾಣುತ್ತದೆ. ನಮ್ಮ ಕನ್ನಡ ಸಂಘಟನೆಗಳೂ ಕಮ್ಮಿಯಿಲ್ಲ: 2005ರಲ್ಲಿ ಬೆಳಗಾವಿ ಮೇಯರ್ ಮುಖಕ್ಕೆ ಬೆಂಗಳೂರಿನಲ್ಲಿ ಮಸಿ ಬಳಿದು ಸಮಿತಿಗೆ ಪುಕ್ಕಟೆ ಬಲ ಕೊಟ್ಟವು.

2013ರಲ್ಲಿ ಖಾನಾಪುರ ಸಮಿತಿಯ ಶಾಸಕನನ್ನು ಆರಿಸಿತ್ತು. 2018ರಲ್ಲಿ ಕಾಂಗ್ರೆಸ್, 2023ರಲ್ಲಿ ಬಿಜೆಪಿ. ಈ ಇಬ್ಬರ ಗೆಲುವಿಗೂ ಮರಾಠಿ ಮತಗಳು ಬೇಕಾಗಿದ್ದವು. ಆದರೆ ಮರಾಠಿ ಉತಾರದ ಅರ್ಜಿಯನ್ನು ಎತ್ತಿಕೊಳ್ಳುವ ಉಸಾಬರಿ ಈ ಪಕ್ಷಗಳಿಗೂ ಬೇಕಿಲ್ಲ.