ನೀರಿನ ಕೈಗೊಂದು ವಾಚು

ನಮ್ಮ ಬಚ್ಚಲಿನ ಕಿಟಕಿಗೆ ಅಂಗೈ ಅಗಲದ ಒಂದು ಕಟ್ಟೆಯಿದೆ. 1989ರಲ್ಲಿ ಮದುವೆಯಾಗಿ ಈ ಮನೆಗೆ ಬಂದಂದಿನಿಂದ ನನ್ನ ವಾಚು ನನ್ನ ಕೈಮೇಲೆ ಇದ್ದದ್ದಕ್ಕಿಂತ ಆ ಕಟ್ಟೆಯ ಮೇಲೆ ಇದ್ದದ್ದೇ ಹೆಚ್ಚು. ಅಕ್ಕಿ ತೊಳೆಯುವಾಗ ಬಿಚ್ಚು, ಪಾತ್ರೆಗೆ ಕೂರುವಾಗ ಬಿಚ್ಚು, ಬಟ್ಟೆ ಕಲ್ಲಿನ ಹತ್ತಿರ ಹೋಗುವಾಗ ಬಿಚ್ಚು. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಮತ್ತೆ ಓಡಿ ಬಂದು ಕಟ್ಟಿಕೋ. ಅದು ಅಪ್ಪ ಮದುವೆಯಲ್ಲಿ ಕೊಡಿಸಿದ ಚಿನ್ನದ ಬಣ್ಣದ ವಾಚು. ಹುಣಸೆಬೀಜದಷ್ಟು ಮುಖ, ಎಳೆಯಂಥ ಮುಳ್ಳು. ನಮ್ಮ ಕುಮಟೆಯ ಮಳೆಗಾಲ ಮೂರು ಕಳೆಯುವಷ್ಟರಲ್ಲಿ ಗಾಜಿನೊಳಗೆ ಮಂಜು ಕೂತಿತು. ಆಮೇಲೆ ಬಂದವುಗಳೂ ಅದೇ ಜಾತಿಯವು. ಅಂಗಡಿಯಲ್ಲಿ ‘ಲೇಡೀಸ್ ವಾಚು’ ಅಂದರೆ ಅದೇ ತಾನೇ? ಅಲಂಕಾರಕ್ಕೆ ಸೈ, ಕೆಲಸಕ್ಕೆ ಇಳಿಯುವ ಮುಂಚೆ ಬಿಚ್ಚಿಡಬೇಕು.

ನಾನು ಯಾವತ್ತೂ ಇದನ್ನೊಂದು ತಕರಾರು ಎಂದುಕೊಂಡವಳಲ್ಲ. ನಾಲ್ಕು ವರ್ಷದ ಹಿಂದಿನ ಆಷಾಢದ ಒಂದು ರಾತ್ರಿಯವರೆಗೆ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ರಾತ್ರಿ ಇನ್ಸುಲಿನ್ ಚುಚ್ಚಿ ಅರ್ಧ ಗಂಟೆಗೆ ಊಟ ಕೊಡಬೇಕೆಂದು ಡಾಕ್ಟರು ಹೇಳಿದ್ದರು. ಅಂದು ಏಳೂವರೆಗೆ ಚುಚ್ಚಿ, ಇನ್ನು ಅರ್ಧ ಗಂಟೆ ಇದೆಯಲ್ಲ ಎಂದು ವಾಚು ಕಟ್ಟೆಯ ಮೇಲಿಟ್ಟು ಪಾತ್ರೆಗೆ ಕೂತೆ. ಕರೆಂಟು ಹೋಯಿತು. ಪಕ್ಕದ ಮನೆಯವರು ಮೇಣದಬತ್ತಿ ಕೇಳಲು ಬಂದರು, ಎರಡು ಮಾತಾಯಿತು. ಒಳಗೆ ಬಂದು ನೋಡಿದರೆ ಅತ್ತೆ ಬೆವೆತು ತೊಪ್ಪೆಯಾಗಿದ್ದರು, ನಾಲಿಗೆ ತೊದಲುತ್ತಿತ್ತು. ಸಕ್ಕರೆ ನೀರು ಕುಡಿಸಿದೆ. ಸುಧಾರಿಸಿಕೊಂಡರು. ಗಂಟೆ ನೋಡಿದರೆ ಎಂಟೂಮುಕ್ಕಾಲು. ಅವರು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಗೋಡೆ ಗಡಿಯಾರ ಹಾಲಿನಲ್ಲಿತ್ತು, ಬಚ್ಚಲಿಗೆ ಕಾಣುವುದಿಲ್ಲ. ‘ಮೊಬೈಲಿನಲ್ಲಿ ಅಲಾರಂ ಇಟ್ಟರಾಯಿತು’ ಅಂತೀರಿ. ಇಟ್ಟು ನೋಡಿದ್ದೇನೆ. ನೀರಿನ ಭಯಕ್ಕೆ ಅದನ್ನು ಇನ್ನೊಂದು ಕೋಣೆಯಲ್ಲಿ ಇಡಬೇಕು, ಅಲ್ಲಿ ಕೂಗಿದ್ದು ನಲ್ಲಿಯ ಸದ್ದಿನಲ್ಲಿ ಕೇಳುವುದಿಲ್ಲ. ಕೇಳಿ ಓಡಿದರೂ ಒದ್ದೆ ಬೆರಳಿಗೆ ಅದು ಓಗೊಡುವುದಿಲ್ಲ. ನಮಗೆ ಹೊತ್ತು ತಿಳಿಯಬೇಕಾದದ್ದು ಕೈ ನೀರಿನಲ್ಲಿರುವಾಗಲೇ. ಆಗಲೇ ನಮ್ಮ ಕೈಯಲ್ಲಿ ವಾಚಿಲ್ಲ.

ನಿವೃತ್ತಿಯಾದ ಮೇಲೆ ನನಗಾಗಿ ಒಂದು ವಾಚು ಕೊಳ್ಳುತ್ತೇನೆ, ನೀರಿಗೆ ಹೆದರದಂಥದ್ದು ಎಂದೆ. ಇವರು ಪೇಪರಿನಿಂದ ತಲೆಯೆತ್ತಿ, “ಈ ವಯಸ್ಸಿನಲ್ಲಿ ಸಮುದ್ರಕ್ಕೆ ಹಾರುತ್ತೀಯೇನು?” ಅಂದರು. ಹಾರುವುದು ನಮ್ಮ ಅಕ್ಕನ ಮಗ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಹುಚ್ಚು ಅವನದು. “ಚಿಕ್ಕಮ್ಮ, ನಿನಗೆ ಬೇಕಾದದ್ದು ಡೈವಿಂಗ್ ವಾಚು,” ಎಂದು ಎರಡು ತಂದಿಟ್ಟ. ಒಂದು ಅವನದೇ ಸೀಕೊ, ಇನ್ನೊಂದು ಅವನ ಗೆಳೆಯ ಮಾರಬೇಕೆಂದಿದ್ದ ಸಿಟಿಜನ್. ಎರಡೂ ಜಪಾನಿನವು, ಎರಡೂ ಆಟೊಮ್ಯಾಟಿಕ್. ಬೆಲೆಯೂ ಹೆಚ್ಚು ಕಡಿಮೆ ಸಮ, ನನ್ನ ಒಂದು ತಿಂಗಳ ಪಿಂಚಣಿಯೊಳಗೆ ಬರುವಂಥದ್ದು. “ಒಂದೊಂದು ವಾರ ಕಟ್ಟಿ ನೋಡು, ಬೇಕಾದದ್ದು ಇಟ್ಟುಕೋ,” ಅಂದ. ಪರೀಕ್ಷೆ ಪೇಪರು ತಿದ್ದುತ್ತಾ ಮುದುಕಿಯಾದವಳು ನಾನು. ಸಂತೋಷದಿಂದ ಒಪ್ಪಿದೆ.

ಮೊದಲು ವಾಚಿನ ಬೆನ್ನಿನ ಬರಹದ ಬಗ್ಗೆ ಒಂದು ಮಾತು, ಯಾಕೆಂದರೆ ನಾವು ಮೋಸ ಹೋಗುವುದು ಅಲ್ಲೇ. 30 ಮೀಟರ್ ಎಂದು ಬರೆದಿದ್ದರೆ ಅಷ್ಟು ಆಳಕ್ಕೆ ಹೋಗಬಹುದೆಂದಲ್ಲ. ಮಳೆಯ ಹನಿ, ಕೈ ತೊಳೆಯುವ ಹನಿ ತಡೆದೀತು, ಅಷ್ಟೆ. ನಿಜವಾದ ಡೈವಿಂಗ್ ವಾಚಿಗೆ ಐ.ಎಸ್.ಒ. 6425 ಎಂಬ ಅಂತರರಾಷ್ಟ್ರೀಯ ನಿಯಮವಿದೆ. ಬರೆದ ಆಳಕ್ಕಿಂತ ಕಾಲು ಪಾಲು ಹೆಚ್ಚಿನ ಒತ್ತಡದಲ್ಲಿ ಅದು ಉಳಿಯಬೇಕು, ಉಪ್ಪುನೀರು ತಾಳಬೇಕು, ಹೊಡೆತ ತಾಳಬೇಕು, ಕಗ್ಗತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಗಂಟೆ ಓದಲು ಬರಬೇಕು. ಇವೆರಡೂ 200 ಮೀಟರಿನ, ಆ ನಿಯಮಕ್ಕೆ ಒಳಪಟ್ಟ ವಾಚುಗಳು. ಹಾಗೆಂದು ಕುದಿನೀರಿಗೆ ಅದ್ದಬಾರದು. ಒಳಗಿನ ರಬ್ಬರ್ ಉಂಗುರಗಳಿಗೆ ಬಿಸಿ ಆಗದು, ವರ್ಷಗಳು ಕಳೆದಂತೆ ಅವನ್ನು ಬದಲಿಸಲೂ ಬೇಕು. ಕೀ ಕೊಡುವ ತಿರುಪನ್ನು ನೀರಲ್ಲಿ ಮುಟ್ಟಲೇಬಾರದು.

ಈ ವಾಚುಗಳ ಮುಖದ ಸುತ್ತ ತಿರುಗುವ ಒಂದು ಚಕ್ರವಿದೆ. ಅದಕ್ಕೆ ಬೆಜೆಲ್ ಎನ್ನುತ್ತಾರಂತೆ, ನಾನು ಬಳೆ ಎನ್ನುತ್ತೇನೆ. ನೀರಿಗೆ ಇಳಿಯುವಾಗ ಬಳೆಯ ಮೇಲಿನ ಗುರುತನ್ನು ನಿಮಿಷದ ಮುಳ್ಳಿಗೆ ಸರಿಯಾಗಿ ತಿರುಗಿಸಿಟ್ಟರೆ ಎಷ್ಟು ನಿಮಿಷವಾಯಿತೆಂದು ಲೆಕ್ಕ ಹಾಕದೆ ತಿಳಿಯುತ್ತದೆ. ಬಳೆ ಒಂದೇ ದಿಕ್ಕಿಗೆ ತಿರುಗುತ್ತದೆ. ಯಾಕೆಂದು ಅಕ್ಕನ ಮಗನನ್ನು ಕೇಳಿದೆ. ಬಂಡೆಗೆ ತಾಗಿ ಅಕಸ್ಮಾತ್ ಜರುಗಿದರೂ ಕಳೆದ ಹೊತ್ತು ಹೆಚ್ಚಾಗಿ ಕಾಣಬೇಕೇ ಹೊರತು ಕಡಿಮೆಯಾಗಿ ಕಾಣಬಾರದು, ಮುಳುಗಿದವನು ಬೇಗ ಮೇಲೆ ಬಂದರೆ ಚಿಂತೆಯಿಲ್ಲ, ತಡವಾದರೆ ಗಾಳಿ ಮುಗಿಯುತ್ತದೆ ಅಂದ. ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ತಪ್ಪಿದರೂ ಜೀವ ಉಳಿಯುವ ಕಡೆಗೇ ತಪ್ಪಲಿ ಎಂದು ಯೋಚಿಸಿ ಮಾಡಿದ ವಸ್ತು! ಇನ್ಸುಲಿನ್ ಚುಚ್ಚಿ ಬಳೆ ತಿರುಗಿಸಿದರೆ, ಅದು ಎಲ್ಲಿ ತಾಗಿ ಜರುಗಿದರೂ ಅತ್ತೆಗೆ ಊಟ ಐದು ನಿಮಿಷ ಮೊದಲು ಸಿಕ್ಕೀತು, ತಡವಾಗದು. ಇಂಥ ವಾಚು ನನ್ನಂಥವಳಿಗೆ ಯಾಕೆ ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ.

ನೀರಿನ ವಾಚು ಜಗತ್ತಿನ ಮುಂದೆ ಹೆಸರು ಮಾಡಿದ್ದೂ ಒಬ್ಬ ಹೆಂಗಸಿನಿಂದಲೇ. ಲಂಡನ್ನಿನಲ್ಲಿ ಟೈಪಿಸ್ಟ್ ಆಗಿದ್ದ ಮರ್ಸಿಡಿಸ್ ಗ್ಲೈಟ್ಜ್ 1927ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಕಾಲುವೆ ಈಜಿದಳು. ಜನ ನಂಬದೆ ಅನುಮಾನಿಸಿದಾಗ ಅದೇ ತಿಂಗಳು ಮತ್ತೆ ನೀರಿಗಿಳಿದಳು, ಈ ಸಲ ಕೊರಳಲ್ಲಿ ರೋಲೆಕ್ಸ್ ಕಂಪನಿಯ ವಾಚು ಕಟ್ಟಿಕೊಂಡು. ಚಳಿಗೆ ಸೋತು ದಡ ಮುಟ್ಟಲಾಗಲಿಲ್ಲ, ವಾಚು ಮಾತ್ರ ನಡೆಯುತ್ತಲೇ ಇತ್ತು. ಕಂಪನಿ ಅದನ್ನು ಪತ್ರಿಕೆಯ ಮುಖಪುಟದಲ್ಲಿ ಜಾಹೀರಾತು ಮಾಡಿತು. ಆಮೇಲೆ ಈ ವಾಚುಗಳು ಗಂಡಸರ ಕೈಗೆ ಹೋದವು, ನಮಗೆ ಹುಣಸೆಬೀಜ ಉಳಿಯಿತು.

ಇನ್ನು ನನ್ನ ಇಬ್ಬರು ವಿದ್ಯಾರ್ಥಿಗಳು.

ಸಿಟಿಜನ್ ಮೊದಲು, ಯಾಕೆಂದರೆ ಮನಸ್ಸು ಮೊದಲು ಹೋದದ್ದು ಅದರ ಕಡೆಗೆ. ನಮ್ಮಪ್ಪನ ಕೈಯಲ್ಲಿದ್ದದ್ದು ಎಚ್.ಎಂ.ಟಿ. ಜನತಾ. ಬೆಳಿಗ್ಗೆ ಜಪ ಮುಗಿಸಿ ಅದಕ್ಕೆ ಕೀ ಕೊಡುತ್ತಿದ್ದರು. ಬೆಂಗಳೂರಿನಲ್ಲಿ 1961ರಲ್ಲಿ ಎಚ್.ಎಂ.ಟಿ. ವಾಚಿನ ಕಾರ್ಖಾನೆ ಶುರುವಾದದ್ದೇ ಈ ಸಿಟಿಜನ್ ಕಂಪನಿಯ ನೆರವಿನಿಂದ. ಅಂದರೆ ಅಪ್ಪನ ವಾಚಿಗೆ ಇದು ಗುರುಮನೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಮುಚ್ಚುವ ತೀರ್ಮಾನ ಮಾಡಿದ ಸುದ್ದಿ ಓದಿದ ದಿನ ಅಪ್ಪನ ವಾಚು ತೆಗೆದು ಒರೆಸಿಟ್ಟಿದ್ದೆ. ನೀರಿನ ವಿಷಯದಲ್ಲೂ ಸಿಟಿಜನ್ ಹಳೆಯ ಕುಳ. 1959ರಲ್ಲಿ ಜಪಾನಿನ ಮೊದಲ ನೀರು ತಡೆಯುವ ವಾಚು ಮಾಡಿತು. 1963ರಲ್ಲಿ ಅದನ್ನು ತೇಲುವ ಬುರುಡೆಗಳಿಗೆ ಕಟ್ಟಿ ಪೆಸಿಫಿಕ್ ಸಾಗರಕ್ಕೇ ಬಿಟ್ಟು ಪರೀಕ್ಷಿಸಿತು.

ನನ್ನ ಕೈಗೆ ಬಂದದ್ದು ಪ್ರೊಮಾಸ್ಟರ್ ಎನ್.ವೈ.0040. ಇದರ ಕೀ ಎಡಗಡೆ, 8ರ ಅಂಕಿಯ ಹತ್ತಿರ ಇದೆ. ನೋಡಲು ವಿಚಿತ್ರ, ಕಟ್ಟಿದರೆ ಜಾಣತನ ತಿಳಿಯುತ್ತದೆ. ಚಪಾತಿ ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ ಮಣಿಕಟ್ಟು ಹಿಂದಕ್ಕೆ ಮಡಚುತ್ತದಲ್ಲ, ಆಗ ಮುಂಗೈಗೆ ಏನೂ ಒತ್ತುವುದಿಲ್ಲ. ಸೀಕೊಗಿಂತ ಹಗುರ, ಸ್ವಲ್ಪ ಚಿಕ್ಕದು. ಬಳೆಯ ಅಂಚಿಗೆ ದಪ್ಪ ಹಲ್ಲುಗಳಿವೆ, ಸಾಬೂನಿನ ಕೈಗೂ ಜಾರದೆ ತಿರುಗುತ್ತದೆ. ಕೊರತೆ ಹೇಳುವುದಾದರೆ, ಕೀ ಎಳೆದು ಗಂಟೆ ಸರಿಮಾಡುವಾಗ ಸೆಕೆಂಡಿನ ಮುಳ್ಳು ನಿಲ್ಲದೆ ಓಡುತ್ತಿರುತ್ತದೆ. ರೇಡಿಯೋದ ಪಿಪ್ ಸದ್ದಿಗೆ ವಾಚು ಸರಿಹೊಂದಿಸಿ ಬೆಳೆದ ನನ್ನಂಥವಳಿಗೆ ಇದು ಸ್ವಲ್ಪ ಕಿರಿಕಿರಿ.

ಸೀಕೊದ ಅಡ್ಡಹೆಸರು ಆಮೆ. ಚಿಪ್ಪಿನ ಹಾಗೆ ಉಬ್ಬಿ ಇಳಿದ ಮೈ. ಜಪಾನಿನ ಮೊದಲ ಡೈವಿಂಗ್ ವಾಚನ್ನು 1965ರಲ್ಲಿ ಮಾಡಿದ್ದು ಈ ಕಂಪನಿ. ಆಮೆಯ ಮೂಲರೂಪ 1970ರ ದಶಕದಲ್ಲಿ ಬಂದು 1988ರವರೆಗೆ ನಡೆಯಿತು, 2016ರ ಹೊತ್ತಿಗೆ ಮತ್ತೆ ಹುಟ್ಟಿತು. ನನ್ನ ಮುಂದಿದ್ದದ್ದು ಆ ಮರುಹುಟ್ಟಿನದು. ಅಗಲ 44 ಮಿಲಿಮೀಟರಿನ ಮೇಲೆ ಎಂದು ಕೇಳಿಯೇ ಬೇಡವೆಂದಿದ್ದೆ. ನನ್ನ ಮಣಿಕಟ್ಟಿನ ಸುತ್ತಳತೆ 15 ಸೆಂಟಿಮೀಟರ್. ಆದರೆ ಕಟ್ಟಿದಾಗ ಬೇರೆಯೇ ಆಯಿತು. ಪಟ್ಟಿ ಸಿಕ್ಕಿಸುವ ಕಿವಿಗಳು ಇದಕ್ಕೆ ಗಿಡ್ಡ. ಹಾಗಾಗಿ ಮಣಿಕಟ್ಟಿನ ಮೇಲೆ ಉದ್ದಕ್ಕೆ ಸಿಟಿಜನ್ನಿನಷ್ಟೇ ಜಾಗ ಹಿಡಿಯುತ್ತದೆ. ಅಂಗಡಿಯವರು ಹೇಳುವ ಒಂದು ಅಂಕಿ ನಂಬಿ ವಾಚು ಕೊಳ್ಳಬೇಡಿ, ಕಟ್ಟಿ ನೋಡಿ ಎಂದು ಇದರಿಂದ ಕಲಿತೆ. ಭಾರ ಮಾತ್ರ ನಿಜ. ಮೊದಲ ಎರಡು ದಿನ ಕೈಗೆ ಯಾರೋ ಜೋತುಬಿದ್ದ ಹಾಗಿತ್ತು. ಕೀ 4ರ ಹತ್ತಿರ, ಚಿಪ್ಪಿನ ಒಳಕ್ಕೆ ಹುದುಗಿದೆ. ಎಳೆದರೆ ಸೆಕೆಂಡಿನ ಮುಳ್ಳು ತಟ್ಟನೆ ನಿಲ್ಲುತ್ತದೆ. ಕತ್ತಲಲ್ಲಿ ಇದರ ದಪ್ಪ ಚುಕ್ಕಿಗಳು, ಅಗಲ ಮುಳ್ಳುಗಳು ಹಸಿರಾಗಿ ಹೊಳೆಯುತ್ತವೆ. ಸಿಟಿಜನ್ ಕೂಡ ಹೊಳೆಯುತ್ತದೆ, ಆದರೆ ಕನ್ನಡಕವಿಲ್ಲದ ನನ್ನ ಕಣ್ಣಿಗೆ ಆಮೆಯದು ಹೆಚ್ಚು ಸ್ಪಷ್ಟ.

‘ಸೆಲ್ ಹಾಕುವ ವಾಚು ಇನ್ನೂ ಅಗ್ಗ, ಇನ್ನೂ ನಿಖರ’ ಎನ್ನುವವರಿಗೆ ನನ್ನಲ್ಲಿ ವಾದವಿಲ್ಲ, ಅದು ನಿಜ. ಆಟೊಮ್ಯಾಟಿಕ್ ವಾಚು ದಿನಕ್ಕೆ ಅರ್ಧ ನಿಮಿಷ ಹೆಚ್ಚು ಕಡಿಮೆಯಾದರೂ ತಪ್ಪಲ್ಲವೆಂದು ಮಾಡಿದವರೇ ಒಪ್ಪುತ್ತಾರೆ. ಇನ್ಸುಲಿನ್ನಿಗೆ, ಇಡ್ಲಿಗೆ ಅಷ್ಟು ಸಾಕು. ಸೆಲ್ ಬದಲಿಸಲು ಬೆನ್ನು ಬಿಚ್ಚಿದಾಗಲೆಲ್ಲ ನಮ್ಮ ಕರಾವಳಿಯ ತೇವ ಒಳಗೆ ಹೋಗುವ ಭಯ ಇದಕ್ಕಿಲ್ಲ ಎಂಬುದೂ ಒಂದು ಲಾಭ. ಆದರೆ ನಿಜ ಕಾರಣ ಬೇರೆ. ಒಳಗೆ ಒಂದು ಅರ್ಧಚಂದ್ರದ ತೂಕವಿದೆ. ಕೈ ಆಡಿದಂತೆ ಅದು ಆಡಿ ಸ್ಪ್ರಿಂಗ್ ಸುತ್ತುತ್ತದೆ. ಸೀಕೊದಲ್ಲಿ ತೂಕ ಯಾವ ಕಡೆ ತಿರುಗಿದರೂ ಕೀ ಆಗುತ್ತದೆ, ಈ ಸಿಟಿಜನ್ನಿನಲ್ಲಿ ಒಂದು ಕಡೆಗೆ ಮಾತ್ರ. ಪೂರ್ತಿ ಸುತ್ತಿಕೊಂಡರೆ ಬಿಚ್ಚಿಟ್ಟ ಮೇಲೂ ಸುಮಾರು 40 ಗಂಟೆ ನಡೆಯುತ್ತವೆ. ಕೈ ಆಡದಿದ್ದರೆ ನಿಲ್ಲುತ್ತವೆ. “ನಿವೃತ್ತಿ ಆದವಳ ಕೈಗೆ ಇದು ನಡೆದೀತೇ?” ಎಂದು ಇವರು ನಕ್ಕಿದ್ದರು. ಎರಡು ವಾರದಲ್ಲಿ ಒಂದೇ ಒಂದು ದಿನ, ಎರಡರಲ್ಲಿ ಒಂದೂ ನಿಲ್ಲಲಿಲ್ಲ. ಗುಡಿಸಿ, ಒರೆಸಿ, ನಾದಿ, ಅತ್ತೆಯನ್ನು ಎತ್ತಿ ಕೂರಿಸಿ, ಮಲಗಿಸಿ ನಾನು ಮಾಡುವುದಕ್ಕೆ ಯಾವ ಹಾಜರಿ ಪುಸ್ತಕವೂ ಇಲ್ಲ. ಈ ಯಂತ್ರ ಲೆಕ್ಕ ಇಟ್ಟಿತು. ನಿವೃತ್ತಿ ಎಂಬುದು ಶಾಲೆಯಿಂದ ಮಾತ್ರ ಎಂದು ಅದಕ್ಕೆ ಗೊತ್ತಾಯಿತು.

ಹಾಗಾದರೆ ಯಾವುದು? ಅಪ್ಪನ ನೆನಪು ಒಂದು ಕಡೆ ಎಳೆಯುತ್ತಿತ್ತು. ಹಗುರ, ಎಡಗಡೆಯ ಕೀ, ಒದ್ದೆ ಕೈಗೆ ಸಿಗುವ ಹಲ್ಲಿನ ಬಳೆ, ಇವೂ ಅದರ ಕಡೆಗೇ. ಒಬ್ಬಳೇ ಇದ್ದಿದ್ದರೆ, ಹಿಟ್ಟು ನಾದುವುದೇ ದೊಡ್ಡ ಕೆಲಸವಾಗಿದ್ದರೆ ನಾನು ಸಿಟಿಜನ್ನೇ ಇಟ್ಟುಕೊಳ್ಳುತ್ತಿದ್ದೆ, ಅಂಥವರಿಗೆ ಅದನ್ನೇ ಹೇಳುತ್ತೇನೆ. ಆದರೆ ನನ್ನ ಎಡಗೈ ದಿನಕ್ಕೆ ಆರು ಸಲ ಎಂಬತ್ತೆಂಟರ ಮುದುಕಿಯೊಬ್ಬರ ಬೆನ್ನ ಕೆಳಗೆ ಹೋಗುತ್ತದೆ. ಅವರ ಚರ್ಮ ಈರುಳ್ಳಿಯ ಮೇಲುಸಿಪ್ಪೆಯ ಹಾಗಾಗಿದೆ. ಹಲ್ಲಿನ ಅಂಚಿನ ವಾಚು ಕಟ್ಟಿದ ವಾರ ಏನೂ ಆಗಲಿಲ್ಲ, ಯಾಕೆಂದರೆ ಪ್ರತಿ ಸಲವೂ ನಾನು ಎಚ್ಚರವಾಗಿದ್ದು ಕೈ ತಿರುಗಿಸಿಕೊಳ್ಳುತ್ತಿದ್ದೆ. ಆಮೆಯ ಬಳೆಗೂ ಹಲ್ಲಿದೆ, ಆದರೆ ನುಣುಪಾದ ಚಿಪ್ಪು ಅದಕ್ಕಿಂತ ಅಗಲವಾಗಿ ಹರಡಿ ಮೊದಲು ತಾಗುವುದು ತಾನೇ ಆಗುತ್ತದೆ. ಆ ವಾರ ನಾನು ವಾಚಿನ ಬಗ್ಗೆ ಯೋಚಿಸಲೇ ಇಲ್ಲ. ಕೆಲಸದ ವಸ್ತುವಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಗೊತ್ತಿಲ್ಲ. ವಾಚು ನನ್ನ ಕೈಗೆ ಹೊಂದಿದರೆ ಸಾಲದು, ನನ್ನ ಕೈ ಮುಟ್ಟುವವರಿಗೂ ಹೊಂದಬೇಕು.

ಆಮೆ ಉಳಿಯಿತು. ಸಿಟಿಜನ್ನನ್ನು ಹಿಂದಿರುಗಿಸುವಾಗ ಅಪ್ಪನಿಗೆ ಏನೋ ಎರಡು ಬಗೆದೆನೆಂದು ಅನ್ನಿಸಿದ್ದು ಸುಳ್ಳಲ್ಲ. ಜನತಾ ವಾಚಿಗೆ ಅವತ್ತು ಕೀ ಕೊಟ್ಟೆ. ನಡೆಯಿತು.

ನಿನ್ನೆ ರಾತ್ರಿ ಮಳೆ, ಕರೆಂಟಿಲ್ಲ. ಪಕ್ಕದ ಮಂಚದಿಂದ ಅತ್ತೆ ಕೇಳಿದರು, “ಬೆಳಗಾಯಿತೇನೆ?” ಕನ್ನಡಕ ಹುಡುಕಲಿಲ್ಲ, ದೀಪ ಹಚ್ಚಲಿಲ್ಲ. ಕೈ ಮಡಚಿ ಮುಖದ ಹತ್ತಿರ ತಂದೆ. “ಇಲ್ಲ ಅತ್ತೆ, ಮೂರೂ ಹತ್ತು. ಮಲಗಿ,” ಅಂದೆ. ಮಲಗಿದರು.